ಉಪ್ಪಾಗೆ: ಸಿಪ್ಪೆಯಲ್ಲಿ ಹುಳಿ, ಬೀಜದಲ್ಲಿ ತುಪ್ಪ

ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯ ಕಾಡುಗಳಲ್ಲಿಯೂ ಅಡಕೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟಗಳಲ್ಲಿಯೂ ಬೆಳೆಯುವ ಉಪ್ಪಾಗೆ ಮರ ಹಣ್ಣು ಬಿಡುವುದು ಮಳೆ ಜಡಿಯುವ ಜೂನ್‌ನಿಂದ ಆಗಸ್ಟ್‌ವರೆಗಿನ ತಿಂಗಳುಗಳಲ್ಲಿ. ಪುಟ್ಟ ಕುಂಬಳಕಾಯಿಯಂತೆ ಉದ್ದಕ್ಕೂ ಏಣು ಬಿದ್ದ ಈ ಹಳದಿ ಹಣ್ಣನ್ನು ಸೀಳಿದರೆ ಅಂಟು ಮೇಣ ಬೆರಳಿಗೆ ಮೆತ್ತಿಕೊಳ್ಳುತ್ತದೆ. ನೀರಿಗೆ ಜಗ್ಗದ ಆ ಕಲೆಗೆ ಕೊಬ್ಬರಿ ಎಣ್ಣೆಯೇ ಬೇಕು. ಬಿಸಿಲಿನ ಸುಳಿವೇ ಇಲ್ಲದ ಕಾಲವಾದ್ದರಿಂದ ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹರವಿ, ಹೊಗೆ ಹಾಕಿ, ಕಪ್ಪಾಗುವವರೆಗೆ ಒಣಗಿಸುತ್ತಾರೆ. ಅದಕ್ಕೆ ಸುಡುವ ಸೌದೆಯೂ ಅದೇ ಕಾಡಿನದು.

ಮನೆಮದ್ದಿನಲ್ಲಿ ಈ ಸಿಪ್ಪೆಗೆ ಹಳೆಯ ಸ್ಥಾನವಿದೆ. ಹೊಟ್ಟೆಯ ತೊಂದರೆಗೂ ಸಂಧಿವಾತಕ್ಕೂ ಅದರ ಕಷಾಯವನ್ನು ಕೊಡುತ್ತಿದ್ದರು. ದನಗಳ ಬಾಯಿಹುಣ್ಣನ್ನು ಅದೇ ಕಷಾಯದಿಂದ ತೊಳೆಯುವ ರೂಢಿಯೂ ಇತ್ತು. ಮೈ ಇಳಿಸುವುದಕ್ಕೆಂದು ಇದನ್ನು ಕುಡಿಯುವ ಮಾತು ಮಾತ್ರ ಈಚಿನದು, ಮತ್ತು ಅದು ಹುಟ್ಟಿದ್ದು ಅಡುಗೆಮನೆಯಲ್ಲಲ್ಲ, ಪ್ರಯೋಗಾಲಯದಲ್ಲಿ.

ಇದರ ಹುಳಿ ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲದ್ದೋ ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲದ್ದೋ ಎಂಬ ಪ್ರಶ್ನೆಗೆ 1965ರಲ್ಲಿ ಉತ್ತರ ಕೊಟ್ಟವರು ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು. ಇದರಲ್ಲಿರುವ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಅವರು ತೋರಿಸಿದರು. ಹೆಸರೇ ಹೇಳುವಂತೆ ಅದು ಸಿಟ್ರಿಕ್ ಆಮ್ಲವೇ. ಒಂದು ಹೈಡ್ರಾಕ್ಸಿಲ್ ಗುಂಪು, ಎಂದರೆ ಆಮ್ಲಜನಕ ಮತ್ತು ಜಲಜನಕದ ಒಂದು ಜೋಡಿ, ಹೆಚ್ಚಿಗೆ ಇದೆ, ಅಷ್ಟೆ. ಆ ಅಷ್ಟೇ ವ್ಯತ್ಯಾಸ ದೊಡ್ಡ ಆಟವನ್ನು ಆಡಿಸುತ್ತದೆ. ನಾವು ಉಂಡ ಸಕ್ಕರೆ, ಪಿಷ್ಟಗಳು ಹೆಚ್ಚಾದಾಗ ಜೀವಕೋಶವು ಸಿಟ್ರಿಕ್ ಆಮ್ಲದ ಮೈಯೊಳಗಿನ ರೂಪವಾದ ಸಿಟ್ರೇಟನ್ನು ಒಡೆದು, ಅದರಿಂದ ಸಿಗುವ ಅಸಿಟೈಲ್ ಕೋಎನ್‌ಜೈಮ್ ಎ ಎಂಬ ವಸ್ತುವಿನಿಂದ ಕೊಬ್ಬನ್ನು ಕಟ್ಟುತ್ತದೆ. ಒಡೆಯುವ ಕೆಲಸ ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವದ್ದು. ಸಿಟ್ರೇಟಿನಂತೆಯೇ ಕಾಣುವ ಉಪ್ಪಾಗೆಯ ಆಮ್ಲ ಆ ಕಿಣ್ವದಲ್ಲಿ ಸಿಟ್ರೇಟಿನ ಜಾಗವನ್ನೇ ಹಿಡಿದು ಕೂತುಬಿಡುತ್ತದೆ. ಈ ತಡೆಯನ್ನು 1969ರಲ್ಲಿ ವಾಟ್ಸನ್ ಮತ್ತು ಸಂಗಡಿಗರು ತೋರಿಸಿದರು. ಮುಂದೆ ಇಲಿಗಳಲ್ಲಿ ಕೊಬ್ಬಿನ ತಯಾರಿಕೆ ತಗ್ಗಿದ್ದೂ ಕಂಡುಬಂದಿತು.

ಇಷ್ಟು ಸಾಕಾಯಿತು, ಮಲೆನಾಡಿನ ಸಿಪ್ಪೆ ಗುಳಿಗೆಯಾಗಿ ಹಡಗು ಹತ್ತಿತು. ಆದರೆ ಅಮೆರಿಕದಲ್ಲಿ 135 ಜನರ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ದಿನಕ್ಕೆ 1,500 ಮಿಲಿಗ್ರಾಂ ಆಮ್ಲವನ್ನು 12 ವಾರ ತೆಗೆದುಕೊಂಡವರ ತೂಕಕ್ಕೂ ಮದ್ದೇ ಇಲ್ಲದ ಹುಸಿಗುಳಿಗೆ ನುಂಗಿದವರ ತೂಕಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನಗಂತೂ ಇದು ಆಶ್ಚರ್ಯವೆನಿಸುವುದಿಲ್ಲ. ಸಾಮಾನ್ಯ ಊಟ ಮಾಡುವ ಮನುಷ್ಯ ಪಿಷ್ಟದಿಂದ ಹೊಸದಾಗಿ ಕಟ್ಟುವ ಕೊಬ್ಬು ಕಡಮೆ. ಅವನ ಮೈಯ ಕೊಬ್ಬಿನ ಬಹುಪಾಲು ತಿಂದ ಕೊಬ್ಬೇ. ಮುಚ್ಚಿದ ಬಾಗಿಲಿಗೆ ಬೀಗ ಹಾಕಿದರೆ ಏನು ಬಂತು? ಇನ್ನೊಂದು ತೊಡಕು ಒಣಗಿಸುವುದರಲ್ಲಿಯೇ ಇದೆ: ಕಾಯಿಸಿದಾಗ ಈ ಆಮ್ಲದ ಒಂದಷ್ಟು ಭಾಗ ತನ್ನೊಳಗೇ ಸುತ್ತಿಕೊಂಡು ಲ್ಯಾಕ್ಟೋನ್ ಆಗುತ್ತದೆ, ಆ ರೂಪಕ್ಕೆ ಕಿಣ್ವವನ್ನು ತಡೆಯುವ ಶಕ್ತಿ ತೀರ ಕಡಮೆ. ಗುಳಿಗೆಯಲ್ಲಿ ಅದನ್ನು ಕ್ಯಾಲ್ಸಿಯಂ, ಪೊಟ್ಯಾಸಿಯಂ ಲವಣವಾಗಿ ಕಟ್ಟಿಹಾಕುವುದು ಇದೇ ಕಾರಣಕ್ಕೆ. ಈ ಸಾರವಿದ್ದ ಗುಳಿಗೆಗಳನ್ನು ನುಂಗಿದ ಕೆಲವರ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ಸಾರಿಗೆ ಎರಡು ಎಸಳು ಹಾಕುವುದಕ್ಕೂ ಸಾರವನ್ನು ಭಟ್ಟಿಯಿಳಿಸಿದಂತೆ ಗಟ್ಟಿ ಮಾಡಿ ನುಂಗುವುದಕ್ಕೂ ಬಹಳ ಅಂತರ.

ತಮಾಷೆಯೆಂದರೆ, ಕೊಬ್ಬು ಕರಗಿಸುತ್ತದೆಂದು ಜಗತ್ತು ಕೊಂಡ ಹಣ್ಣಿನ ಬೀಜದಲ್ಲಿ ತುಂಬಿರುವುದೇ ಕೊಬ್ಬು. ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಬಳಿದು ತೆಗೆದರೆ ಉಪ್ಪಾಗೆ ತುಪ್ಪ. ತಣಿದಾಗ ಗಡ್ಡೆಕಟ್ಟುವ ಇದನ್ನು ದೋಸೆಗೆ ಸವರುತ್ತಾರೆ. ಸಿಪ್ಪೆಗೆ ಬೆಲೆ ಏರಿದ ವರ್ಷಗಳಲ್ಲಿ, ಇನ್ನೊಬ್ಬರು ಕೊಯ್ದಾರೆಂಬ ಆತುರಕ್ಕೆ, ಕಾಯಿಗಳನ್ನು ಹಸಿರಿರುವಾಗಲೇ ಉದುರಿಸುವುದು ನಡೆಯಿತು. ಅಂಥ ಕಾಯಿಯ ಸಿಪ್ಪೆ ಮಾರಾಟವಾಗುತ್ತದೆ. ಬಲಿಯದ ಬೀಜದಿಂದ ತುಪ್ಪವೂ ಬರುವುದಿಲ್ಲ, ಸಸಿಯೂ ಏಳುವುದಿಲ್ಲ.