ನೀರೊಳಗೆ ಬೆವರಿದವನ ಅಲಂಕಾರ

ಪದ್ಯದ ಸಾಲೊಂದನ್ನು ಕೊಟ್ಟು 'ಅಲಂಕಾರವನ್ನು ಹೆಸರಿಸಿ, ಲಕ್ಷಣದೊಂದಿಗೆ ಸಮನ್ವಯಗೊಳಿಸಿ' ಎಂದು ಕೇಳಿದರೆ ಮಕ್ಕಳ ಕಣ್ಣು ಮೊದಲು ಹುಡುಕುವುದು 'ಅಂತೆ', 'ಹಾಗೆ', 'ವೊಲ್' ಎಂಬ ಪದಗಳನ್ನು. ಸಿಕ್ಕಿದರೆ ಉಪಮೆ, ಎಂದರೆ ಹೋಲಿಕೆ; ಸಿಗದಿದ್ದರೆ ರೂಪಕ, ಎಂದರೆ ಎರಡು ವಸ್ತುಗಳನ್ನು ಒಂದೇ ಎನ್ನುವುದು. ಈ ಅಡ್ಡದಾರಿಯನ್ನು ಕಲಿಸಿದವರು ಮೇಷ್ಟರುಗಳಾದ ನಾವೇ. ನಾನೂ ವರ್ಷಗಟ್ಟಲೆ ಕಲಿಸಿದೆ. ಅದನ್ನು ಕೈಬಿಡುವಂತೆ ಮಾಡಿದ್ದು ರನ್ನನ 'ಗದಾಯುದ್ಧ'ದ ಒಂದು ಕಂದಪದ್ಯ.

ಆ ರವಮಂ ನಿರ್ಜಿತಕಂ-
ಠೀರವರವಮಂ ನಿರಸ್ತಘನರವಮಂ ಕೋ-
ಪಾರುಣನೇತ್ರಂ ಕೇಳ್ದಾ
ನೀರೊಳಗಿರ್ದುಂ ಬೆಮರ್ತನುರಗಪತಾಕಂ

ವೈಶಂಪಾಯನ ಸರೋವರದಲ್ಲಿ ದುರ್ಯೋಧನ ಅಡಗಿದ್ದಾನೆ. ದಡದಲ್ಲಿ ನಿಂತು ಭೀಮ ಗರ್ಜಿಸುತ್ತಿದ್ದಾನೆ. ಇಲ್ಲಿ 'ಅಂತೆ' ಇಲ್ಲ, 'ವೊಲ್' ಇಲ್ಲ. ಹಾಗೆಂದು ರೂಪಕ ಎಂದು ಬರೆದರೆ ತಪ್ಪು. ನಾನು ತರಗತಿಯಲ್ಲಿ ಮೊದಲು ಮಾಡುವ ಕೆಲಸ ಪದ್ಯವನ್ನು ಗಟ್ಟಿಯಾಗಿ ಓದಿಸುವುದು. 'ರವ' ನಾಲ್ಕು ಸಲ ಕಿವಿಗೆ ಬಡಿಯುತ್ತದೆ. ಅದರಲ್ಲೊಂದು 'ಕಂಠೀರವ' ಎಂಬ ಸಿಂಹದ ಹೆಸರಿನೊಳಗೇ ಸೇರಿಕೊಂಡಿದೆ. ಒಂದೇ ದನಿ ಮರುಕಳಿಸುವ ಈ ಅಲಂಕಾರಕ್ಕೆ ಅನುಪ್ರಾಸ ಎಂಬ ಹೆಸರು ಆಮೇಲೆ ಬರಲಿ, ಭೀಮನ ಕೂಗು ಕೊಳದ ನೀರಿನಲ್ಲಿ ಮರುದನಿಗೊಡುವುದು ಮೊದಲು ಕೇಳಬೇಕು. ಆ ಕೂಗು ಸಿಂಹದ ಗರ್ಜನೆಯನ್ನು ಗೆದ್ದಿದೆ, ಮೋಡದ ಗುಡುಗನ್ನು ಹಿಂದಕ್ಕಟ್ಟಿದೆ. ಹೋಲಿಸಬೇಕಾದ ವಸ್ತುವನ್ನೇ ಮೀರಿಸಿದ್ದರಿಂದ ಇದು ಬರಿಯ ಉಪಮೆಯಲ್ಲ, ವ್ಯತಿರೇಕ.

ಪದ್ಯದ ಜೀವ ಇರುವುದು ಕೊನೆಯ ಸಾಲಿನಲ್ಲಿ. ನೀರಿನಲ್ಲಿ ಮುಳುಗಿದವನು ಬೆವರುವುದುಂಟೆ? ಮೇಲುನೋಟಕ್ಕೆ ವಿರೋಧ; 'ಕೋಪಾರುಣನೇತ್ರಂ', ಎಂದರೆ ಕೋಪದಿಂದ ಕಣ್ಣು ಕೆಂಪಾದವನು, ಎಂಬ ಪದವನ್ನು ನೆನೆದೊಡನೆ ಅದು ಕೋಪದ ಬೆವರು ಎಂದು ತಿಳಿದು ವಿರೋಧ ಕರಗುತ್ತದೆ. ಇದೇ ವಿರೋಧಾಭಾಸ. ಬೆವರು ನಾಟ್ಯಶಾಸ್ತ್ರ ಹೇಳುವ ಎಂಟು ಸಾತ್ತ್ವಿಕ ಭಾವಗಳಲ್ಲಿ, ಎಂದರೆ ಮನಸ್ಸಿನ ಭಾವ ಮೈಯಲ್ಲಿ ತಾನಾಗಿ ತೋರುವ ಬಗೆಗಳಲ್ಲಿ, ಒಂದು ಎಂಬುದನ್ನೂ ಹೇಳುತ್ತೇನೆ, ಏಕೆಂದರೆ ರನ್ನ ಬರೆದದ್ದು ಕಾವ್ಯವಾದರೂ ಅವನ ಕಣ್ಣು ರಂಗದ ಮೇಲಿತ್ತು. ಬಿ.ಎಂ. ಶ್ರೀಕಂಠಯ್ಯನವರು ಇದನ್ನು ನಾಟಕವಾಗಿ ಮಾರ್ಪಡಿಸಿದ್ದು ಸುಮ್ಮನೆ ಅಲ್ಲ. ಇನ್ನು 'ಉರಗಪತಾಕಂ'. ಸುಯೋಧನ ಎನ್ನಬಹುದಿತ್ತು, ಕುರುಪತಿ ಎನ್ನಬಹುದಿತ್ತು. ಹಾವಿನ ಬಾವುಟವನ್ನು ಎತ್ತಿ ಹಿಡಿದು ಮೆರೆದವನು ಈಗ ಹಾವಿನಂತೆಯೇ ನೀರಿನಲ್ಲಿ ಅಡಗಿದ್ದಾನೆ. ಹೆಸರೇ ಅಭಿಪ್ರಾಯವನ್ನು ಹೊತ್ತು ನಿಂತರೆ ಅದು ಪರಿಕರಾಂಕುರ. ನನ್ನ ಮಟ್ಟಿಗೆ ಇಡೀ ಪದ್ಯದ ಅತಿ ಸೂಕ್ಷ್ಮ ಕೆಲಸ ಇದು. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಸಿಗುವುದು ಅಪರೂಪ.

ನಾಟಕದ ಮಾತಾದರೆ ಇಷ್ಟು ಸಾಲದು. ಯಾರು ಆಡಿದರು, ಯಾರು ಕೇಳಿಸಿಕೊಂಡರು, ಆ ಕ್ಷಣಕ್ಕೆ ಯಾರು ಒಳಗೆ ಬಂದರು ಎಂಬುದನ್ನು ನೋಡದಿದ್ದರೆ ತಂತ್ರ ಕೈಗೇ ಸಿಗುವುದಿಲ್ಲ. ಭಟ್ಟನಾರಾಯಣನ ಸಂಸ್ಕೃತ ನಾಟಕ 'ವೇಣೀಸಂಹಾರ'ದ ಎರಡನೆಯ ಅಂಕವನ್ನು ನೋಡಿ. ಅಲ್ಲಿಯೂ ಅದೇ ದುರ್ಯೋಧನ. ಹೆಂಡತಿ ಭಾನುಮತಿಗೆ, ನೀನು ಕುಳಿತುಕೊಳ್ಳಲು ನನ್ನ ತೊಡೆಗಳೇ ಸಾಕು ಎನ್ನುತ್ತಾನೆ. ಮಾತು ಮುಗಿಯುವಷ್ಟರಲ್ಲಿ ಅಂತಃಪುರದ ಸೇವಕನಾದ ಕಂಚುಕಿ ಗಾಬರಿಯಿಂದ ಬಂದು 'ದೇವ, ಮುರಿಯಿತು, ಮುರಿಯಿತು' ಎನ್ನುತ್ತಾನೆ. ಯಾರಿಂದ? 'ಭೀಮನಿಂದ.' ಯಾರದು? 'ತಮ್ಮದು.' ಬಳಿಕ ತಿಳಿಯುವುದೇನೆಂದರೆ ಮುರಿದುಹೋದದ್ದು ರಥದ ಧ್ವಜ, ಅದನ್ನು ಮುರಿದದ್ದು ಭೀಮವಾದ, ಎಂದರೆ ಭಯಂಕರವಾದ, ಗಾಳಿ. ಧ್ವಜದ ಕಿರುಗೆಜ್ಜೆಗಳು ಅಳುತ್ತಿವೆಯೋ ಎಂಬಂತೆ ಅದು ನೆಲಕ್ಕೆ ಬಿತ್ತಂತೆ.

ಕಂಚುಕಿ ಇದನ್ನು ಹೇಳುವ ಶ್ಲೋಕವನ್ನಷ್ಟೇ ಕತ್ತರಿಸಿ ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟರೆ ಎರಡರ್ಥದ 'ಭೀಮ' ಶ್ಲೇಷ, ಅಳುತ್ತಿವೆಯೋ ಎಂಬ ಗೆಜ್ಜೆಯ ಕಲ್ಪನೆ ಉತ್ಪ್ರೇಕ್ಷೆ ಎಂದು ಬರೆದು ಪೂರ್ಣ ಅಂಕ ಪಡೆಯಬಹುದು. ಆದರೆ ನೋಡುಗರ ಬೆನ್ನಹುರಿಯಲ್ಲಿ ಚಳಿ ಹುಟ್ಟಿಸುವುದು ಒಬ್ಬನ 'ತೊಡೆ' ಎಂಬ ಮಾತಿಗೆ ಇನ್ನೊಬ್ಬನ 'ಮುರಿಯಿತು' ಬಂದು ತಾಗುವುದು. ಮುಂದೆ ಆಗಲಿರುವ ಊರುಭಂಗ, ಭೀಮ ದುರ್ಯೋಧನನ ತೊಡೆ ಮುರಿಯುವುದು, ಆಡಿದವರಿಗೇ ಗೊತ್ತಿಲ್ಲ, ನಮಗೆ ಗೊತ್ತು. ಆಲಂಕಾರಿಕರು ಇದನ್ನು ಪತಾಕಾಸ್ಥಾನಕ ಎಂದರು. ಅದು ಯಾವ ಒಂದು ಮಾತಿನಲ್ಲೂ ಇಲ್ಲ, ಎರಡು ಮಾತುಗಳ ನಡುವೆ ಇದೆ. ಆದ್ದರಿಂದ ನಾಟಕದ ಸಾಲು ಕೊಡುವಾಗ ಹಿಂದಿನ ಮಾತನ್ನೂ ರಂಗಸೂಚನೆಯನ್ನೂ ಜೊತೆಗೆ ಕೊಡಿ ಎಂದು ಪ್ರಶ್ನೆಪತ್ರಿಕೆ ತಯಾರಿಸುವ ಗೆಳೆಯರನ್ನು ಬೇಡಿಕೊಳ್ಳುತ್ತೇನೆ.

ಹೊಸಗನ್ನಡದಲ್ಲಿ ತೊಡಕು ಬೇರೆ ಬಗೆಯದು. ಬೇಂದ್ರೆಯವರ 'ಹಕ್ಕಿ ಹಾರುತಿದೆ ನೋಡಿದಿರಾ' ಎಂಬ ಸಾಲಿಗೆ ಮಕ್ಕಳು ಕಣ್ಣುಮುಚ್ಚಿ ರೂಪಕ ಎನ್ನುತ್ತಾರೆ. ಆದರೆ 'ಕಾಲವೆಂಬ ಹಕ್ಕಿ' ಎಂದು ಆ ಸಾಲು ಹೇಳುವುದಿಲ್ಲ. ಬರಿಯ ಹಕ್ಕಿಯನ್ನು ಹಾರಿಬಿಟ್ಟು ಕಾಲವನ್ನು ನಮ್ಮ ಊಹೆಗೆ ಬಿಡುತ್ತದೆ. ಇದನ್ನು ಪ್ರತಿಮೆ, ಎಂದರೆ ಅರ್ಥವನ್ನು ಸೂಚಿಸುವ ಚಿತ್ರ, ಎಂದರೆ ಹತ್ತಿರವಾದೀತು.

'ಅಂತೆ', 'ಹಾಗೆ'ಯಂಥ ವಾಚಕ ಪದ ಸಿಕ್ಕಿದ ಕೂಡಲೇ ಲೇಖನಿ ಕೆಳಗಿಡುವ ಅಭ್ಯಾಸಕ್ಕೆ ಮದ್ದಾಗಿ ನಾನು ಕೊಡುವುದು ನಾಗಚಂದ್ರನ ಪದ್ಯ: 'ಕದಡಿದ ಸಲಿಲಂ ತಿಳಿವಂದದೆ ತನ್ನಿಂ ತಾನೆ ತಿಳಿದ ದಶವದನಂಗಾದುದು ವೈರಾಗ್ಯಂ ಸೀತೆಯೊಳ್, ಉದಾತ್ತನೊಳ್ ಪುಟ್ಟದಲ್ತೆ ನೀಲೀರಾಗಂ'. ಕದಡಿದ ನೀರು ತಾನೇ ತಿಳಿಯಾಗುವಂತೆ ರಾವಣನ ಮನಸ್ಸು ತಿಳಿಯಾಗಿ ಸೀತೆಯಲ್ಲಿ ವೈರಾಗ್ಯ ಬಂತು ಎಂದರ್ಥ. 'ತಿಳಿವಂದದೆ' ಕಂಡೊಡನೆ ಉಪಮೆ ಎಂದು ಬರೆದು ಮುಗಿಸುತ್ತಾರೆ. ಅದು ಸರಿಯೇ, ಆದರೆ ಅರ್ಧ. ಉಳಿದರ್ಧದಲ್ಲಿ ಕವಿ ರಾವಣನ ಪರವಾಗಿ ವಾದಿಸುತ್ತಿದ್ದಾನೆ: ಉದಾತ್ತನಾದವನಲ್ಲಿ ಬಿಡದ ಮೋಹ ಹುಟ್ಟುವುದಿಲ್ಲ ಎಂಬ ಸಾಮಾನ್ಯ ಮಾತಿನಿಂದ ರಾವಣನೊಬ್ಬನ ಸಂಗತಿಯನ್ನು ಸಮರ್ಥಿಸುತ್ತಾನೆ. ಇದು ಅರ್ಥಾಂತರನ್ಯಾಸ. 'ನೀಲೀರಾಗ' ಎಂದರೆ ಬಿಡದ ಮೋಹ; ನೀಲಿ ಬಣ್ಣ ಬಟ್ಟೆಗೆ ಹಿಡಿದರೆ ಎಷ್ಟು ಒಗೆದರೂ ಹೋಗದು ಎಂದು ತಿಳಿಸಿದ ಮೇಲೆ ಮಕ್ಕಳು ಆ ಸಾಲನ್ನು ಇನ್ನೊಮ್ಮೆ ಓದುತ್ತಾರೆ. ಹೆಸರು ಬರೆಯಲು ನಾನು ಬಿಡುವುದು ಆ ಎರಡನೆಯ ಓದಿನ ಬಳಿಕವೇ.