ತಿಂಗಳಿಗೆ 10% ಟಿಡಿಎಸ್, ಪಿಎಫ್ ಇಲ್ಲ: ನಾನು ನೌಕರನೋ, ಕನ್ಸಲ್ಟೆಂಟೋ?

ಓದುಗರ ಪ್ರಶ್ನೆ: ಬೆಂಗಳೂರಿನ ಒಂದು ಕಂಪನಿಯಲ್ಲಿ ಎರಡು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೇನೆ. ಸೇರುವಾಗ ಅಪಾಯಿಂಟ್‌ಮೆಂಟ್ ಲೆಟರ್ ಕೊಡಲಿಲ್ಲ, ‘ಕನ್ಸಲ್ಟೆಂಟ್ ಅಗ್ರಿಮೆಂಟ್’ಗೆ ಸಹಿ ಹಾಕಿಸಿಕೊಂಡರು. ತಿಂಗಳಿಗೆ 60,000 ಎಂದು ಮಾತಾಗಿದ್ದರೂ ಕೈಗೆ ಬರುವುದು 54,000. ಪಿಎಫ್ ಇಲ್ಲ, ಪೇ ಸ್ಲಿಪ್ ಇಲ್ಲ. ಆದರೆ ದಿನಾ ಒಂಬತ್ತೂವರೆಗೆ ಲಾಗಿನ್ ಆಗಲೇಬೇಕು, ರಜೆ ಹಾಕಲು ಮ್ಯಾನೇಜರ್ ಒಪ್ಪಿಗೆ ಬೇಕು. ನಾನು ನೌಕರನೋ ಅಲ್ಲವೋ? ರಿಟರ್ನ್ ಹೇಗೆ ಸಲ್ಲಿಸಬೇಕು?

ಉತ್ತರ: ನೀವು ಕೇಳಿರುವುದು ಒಂದಲ್ಲ, ಎರಡು ಪ್ರಶ್ನೆ. ಆದಾಯ ತೆರಿಗೆಯ ಲೆಕ್ಕ ಬೇರೆ, ಕಾರ್ಮಿಕ ಕಾನೂನಿನ ಲೆಕ್ಕ ಬೇರೆ. ಅಗ್ರಿಮೆಂಟಿನ ಮೇಲೆ ಏನು ಬರೆದಿದೆ ಎಂಬುದೊಂದೇ ಇವೆರಡರಲ್ಲಿ ಯಾವುದನ್ನೂ ತೀರ್ಮಾನಿಸುವುದಿಲ್ಲ. ಇಷ್ಟು ಗೊತ್ತಿಲ್ಲದೆ ಎಷ್ಟೋ ಜನ ಸಹಿ ಹಾಕಿದ ದಿನವೇ ತಮ್ಮ ಹಕ್ಕೆಲ್ಲ ಮುಗಿಯಿತು ಎಂದುಕೊಂಡು ಕೂತಿದ್ದಾರೆ.

ಮೊದಲು ದುಡ್ಡಿನ ವಿಷಯ. ಪ್ರತಿ ತಿಂಗಳು ಕಡಿತವಾಗುವ ಆ 6,000 ರೂಪಾಯಿ ಟಿಡಿಎಸ್, ಅಂದರೆ ಹಣ ಕೊಡುವವರೇ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಸಂಬಳಕ್ಕಾದರೆ ಸೆಕ್ಷನ್ 192ರ ಪ್ರಕಾರ ನಿಮ್ಮ ವರ್ಷದ ತೆರಿಗೆಯನ್ನು ಅಂದಾಜು ಮಾಡಿ ಹಿಡಿಯಬೇಕು. ತೆರಿಗೆಯೇ ಬರದಿದ್ದರೆ ಏನೂ ಹಿಡಿಯುವಂತಿಲ್ಲ. ನಿಮ್ಮದನ್ನು ವೃತ್ತಿಪರ ಶುಲ್ಕ ಎಂದು ತೋರಿಸಿ ಸೆಕ್ಷನ್ 194ಜೆ ಅಡಿ ನೇರವಾಗಿ 10% ಹಿಡಿಯುತ್ತಿದ್ದಾರೆ. (ಈ ಸೆಕ್ಷನ್ ಸಂಖ್ಯೆಗಳು 1961ರ ಕಾಯ್ದೆಯವು, 2025-26ರ ಆದಾಯಕ್ಕೆ ಅನ್ವಯಿಸುತ್ತವೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸಂಖ್ಯೆಗಳು ಬದಲಾಗಿವೆ.) ಹೀಗೆ ಹಿಡಿದದ್ದಕ್ಕೆ ಪ್ರಮಾಣಪತ್ರವಾಗಿ ನೌಕರನಿಗೆ ಸಿಗುವುದು ಫಾರಂ 16, ನಿಮಗೆ ಸಿಗಬೇಕಾದದ್ದು ಫಾರಂ 16ಎ. ಅದನ್ನು ಕೊಡದಿದ್ದರೂ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಲಾಗಿನ್ ಆಗಿ 26ಎಎಸ್ (ನಿಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿ) ತೆರೆದು ನೋಡಿ. ಹಿಡಿದ ಹಣವನ್ನು ಕಂಪನಿ ನಿಮ್ಮ ಪ್ಯಾನ್ ಹೆಸರಿಗೆ ನಿಜವಾಗಿಯೂ ಕಟ್ಟಿದೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ.

‘ಟಿಡಿಎಸ್ ಕಟ್ ಆಗಿದೆಯಲ್ಲ, ತೆರಿಗೆ ಮುಗಿಯಿತು’ ಎಂದು ಸುಮ್ಮನಾಗುವವರೇ ಹೆಚ್ಚು. ನಿಮ್ಮ ಲೆಕ್ಕ ಹಾಕೋಣ. ವರ್ಷಕ್ಕೆ 7.2 ಲಕ್ಷ, ಅದರಲ್ಲಿ ಹಿಡಿದದ್ದು 72,000. ಮಾಹಿತಿ ತಂತ್ರಜ್ಞಾನವು ಸೆಕ್ಷನ್ 44ಎಡಿಎ ಪಟ್ಟಿಯಲ್ಲಿರುವ ವೃತ್ತಿ, ಹಾಗಾಗಿ ಲೆಕ್ಕಪುಸ್ತಕ ಇಡದೆ ಗಳಿಕೆಯ ಅರ್ಧವನ್ನು, ಅಂದರೆ 3.6 ಲಕ್ಷವನ್ನು, ಆದಾಯ ಎಂದು ತೋರಿಸಲು ಅವಕಾಶವಿದೆ. ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಬೇರೆ ಆದಾಯವಿಲ್ಲದಿದ್ದರೆ ಆ 72,000ವೂ ರಿಫಂಡ್ ಆಗಿ ವಾಪಸ್ ಬರಬೇಕಾದ ಹಣ. ರಿಟರ್ನ್ ಹಾಕದವರು ಇಷ್ಟನ್ನೂ ಸರ್ಕಾರದ ಬಳಿಯೇ ಬಿಟ್ಟು ಬರುತ್ತಾರೆ.

ಆದರೆ ಎಲ್ಲರೂ ಅರ್ಧವೇ ತೋರಿಸುತ್ತಾರೆಂದು ನೀವೂ ಕಣ್ಣುಮುಚ್ಚಿ ಅರ್ಧ ತೋರಿಸಬೇಡಿ. ಕಾಯ್ದೆಯ ಪ್ರಕಾರ ಅದು ಕನಿಷ್ಠ ಮಟ್ಟ, ನಿಜವಾಗಿ ಉಳಿದದ್ದು ಹೆಚ್ಚಿದ್ದರೆ ಹೆಚ್ಚೇ ತೋರಿಸಬೇಕು. ಕಂಪನಿಯ ಲ್ಯಾಪ್‌ಟಾಪಿನಲ್ಲೇ ಕೆಲಸ ಮಾಡುವವರಾದರೆ ನಿಮಗೆ 3.6 ಲಕ್ಷ ಖರ್ಚು ಎಲ್ಲಿಂದ ಬಂತು? ಹೊಸ ಪದ್ಧತಿಯಲ್ಲಿ 2025-26ಕ್ಕೆ 12 ಲಕ್ಷದವರೆಗಿನ ಆದಾಯಕ್ಕೆ 87ಎ ರಿಯಾಯಿತಿ ಇರುವುದರಿಂದ ಪೂರ್ತಿ 7.2 ಲಕ್ಷ ತೋರಿಸಿದರೂ ತೆರಿಗೆ ಸೊನ್ನೆಯೇ, ರಿಫಂಡೂ ಅದೇ 72,000. ನಾಳೆ ಮನೆ ಸಾಲಕ್ಕೆ ಬ್ಯಾಂಕಿಗೆ ಹೋದಾಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ನೋಡುವುದು ರಿಟರ್ನ್‌ನಲ್ಲಿರುವ ಆದಾಯವನ್ನು. 3.6 ಲಕ್ಷ ಎಂದು ಬರೆದುಕೊಟ್ಟವರಿಗೆ ಸಿಗುವ ಸಾಲವೂ ಆ ಅಳತೆಯಲ್ಲೇ ಇರುತ್ತದೆ.

ರಿಟರ್ನ್ ಫಾರಂಗಳಲ್ಲಿ ಐಟಿಆರ್-1 ನಿಮಗಲ್ಲ, 44ಎಡಿಎ ಬಳಸಿದರೆ ಐಟಿಆರ್-4, ಇಲ್ಲದಿದ್ದರೆ ಐಟಿಆರ್-3. ಸಂಬಳದಾರರಿಗೆ ಸಿಗುವ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ನಿಮಗೆ ಸಿಗದು. ಟಿಡಿಎಸ್ ಕಳೆದ ಮೇಲೂ 10,000ಕ್ಕೆ ಕಡಿಮೆಯಿಲ್ಲದಷ್ಟು ತೆರಿಗೆ ಉಳಿಯುವುದಾದರೆ, 44ಎಡಿಎ ಬಳಸುವವರು ಮಾರ್ಚ್ 15ರೊಳಗೆ ಮುಂಗಡ ತೆರಿಗೆ ಕಟ್ಟಬೇಕು. ಸೇವೆಗಳಿಗೆ ಜಿಎಸ್‌ಟಿ ನೋಂದಣಿ ಬೇಕಾಗುವುದು ವರ್ಷಕ್ಕೆ 20 ಲಕ್ಷ ದಾಟಿದಾಗ, ನಿಮಗೆ ಆ ತಲೆನೋವಿಲ್ಲ.

ಇನ್ನು ಎರಡನೆಯ ಪ್ರಶ್ನೆ. ನನ್ನ ಮಟ್ಟಿಗೆ ಮುಖ್ಯವಾದದ್ದು ಇದೇ.

ದಕ್ಷಿಣ ಕನ್ನಡದಲ್ಲಿ ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟುವ ಹೆಂಗಸರನ್ನು ನೋಡಿದ್ದೀರಲ್ಲ? ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತರುತ್ತಾರೆ, ಅಡುಗೆ, ಮಕ್ಕಳ ಕೆಲಸದ ನಡುವೆ ಕಟ್ಟುತ್ತಾರೆ, ಕಟ್ಟಿದ ಲೆಕ್ಕಕ್ಕೆ ಮಜೂರಿ. ಮಾಲೀಕ ಅವರ ಮನೆಗೆ ಬಂದು ನಿಂತು ಮೇಲ್ವಿಚಾರಣೆ ಮಾಡುವುದಿಲ್ಲ, ಇಷ್ಟು ಹೊತ್ತಿಗೆ ಶುರುಮಾಡು ಎನ್ನುವುದೂ ಇಲ್ಲ. ಹೀಗಿದ್ದರೂ ಮನೆಯಲ್ಲಿ ಬೀಡಿ ಕಟ್ಟುವವರಿಗೆ ಪಿಎಫ್ ಕೊಡಬೇಕೆಂದು 1980ರ ದಶಕದಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಬೀಡಿ ಸರಿಯಿಲ್ಲ ಎಂದು ತಿರಸ್ಕರಿಸುವ ಅಧಿಕಾರ ಮಾಲೀಕನ ಕೈಯಲ್ಲಿದೆ, ಕೆಲಸದ ಮೇಲಿನ ಹಿಡಿತಕ್ಕೆ ಅಷ್ಟು ಸಾಕು ಎಂಬುದು ಕೋರ್ಟಿನ ತರ್ಕ. ಅದಕ್ಕೂ ಮೊದಲು, 1973ರ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ, ಪೀಸ್ ಲೆಕ್ಕಕ್ಕೆ ಹೊಲಿಯುತ್ತಿದ್ದ ದರ್ಜಿಗಳನ್ನೂ ನೌಕರರೆಂದೇ ಒಪ್ಪಿತ್ತು. ಅವರಿಗೂ ಗೊತ್ತಾದ ವೇಳೆಯಿರಲಿಲ್ಲ, ಬಟ್ಟೆಯನ್ನು ಮನೆಗೆ ಒಯ್ದು ಹೊಲಿಯುವುದೂ ಇತ್ತು. ಆದರೆ ಹೊಲಿಗೆ ಯಂತ್ರ ಅಂಗಡಿಯದು, ಸರಿಯಾಗದಿದ್ದರೆ ಬಿಚ್ಚಿ ಮತ್ತೆ ಹೊಲಿ ಎನ್ನುವ ಹಕ್ಕು ಅಂಗಡಿಯವನದು.

ಅವರ ಪಕ್ಕದಲ್ಲಿ ನಿಮ್ಮ ದಿನವನ್ನು ಇಟ್ಟು ನೋಡಿ. ಲಾಗಿನ್ ವೇಳೆ ಕಂಪನಿ ಹೇಳಿದ್ದು, ರಜೆಗೆ ಒಪ್ಪಿಗೆ ಬೇಕು, ಎರಡು ವರ್ಷದಿಂದ ತಿಂಗಳಿಗೆ ಒಂದೇ ಮೊತ್ತ. ಇದರ ಜೊತೆಗೆ ಲ್ಯಾಪ್‌ಟಾಪೂ ಕಂಪನಿಯದು, ಬೇರೆ ಕಡೆ ಕೆಲಸ ಹಿಡಿಯಬಾರದೆಂಬ ಷರತ್ತೂ ಇದೆ ಎಂದಾದರೆ, ನಿಮ್ಮದು ನೌಕರಿಯೇ ಎಂದು ವಾದಿಸಲು ಗಟ್ಟಿ ಆಧಾರವಿದೆ.

ಎಲ್ಲ ಕನ್ಸಲ್ಟೆಂಟರೂ ವೇಷ ಮರೆಸಿದ ನೌಕರರು ಎಂದು ಇದರರ್ಥವಲ್ಲ. ಆಸ್ಪತ್ರೆಯೊಂದಿಗೆ ಒಪ್ಪಂದ ಮಾಡಿಕೊಂಡ ತಜ್ಞ ವೈದ್ಯರ ಟಿಡಿಎಸ್ ಕುರಿತ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ 2015ರಲ್ಲಿ ಅವರು ನೌಕರರಲ್ಲ, 194ಜೆ ಸರಿ ಎಂದಿತು. ಮೂರು ಕಡೆ ಪ್ರಾಜೆಕ್ಟ್ ಮಾಡುತ್ತ, ತನ್ನ ದರ ತಾನೇ ಹೇಳಿ, ತನ್ನ ಕಂಪ್ಯೂಟರಿನಲ್ಲಿ ತನಗೆ ಬೇಕಾದ ಹೊತ್ತಿಗೆ ಕೆಲಸ ಮುಗಿಸಿಕೊಡುವವರು ನಿಜವಾದ ಸ್ವತಂತ್ರ ವೃತ್ತಿಯವರು. ಆ್ಯಪ್ ಮೂಲಕ ಡೆಲಿವರಿ ಮಾಡುವ, ಕ್ಯಾಬ್ ಓಡಿಸುವವರದು ಇನ್ನೊಂದೇ ಬಗೆ: ಅವರಿಗಾಗಿ ಕರ್ನಾಟಕ 2025ರಲ್ಲಿ ಪ್ರತ್ಯೇಕ ಗಿಗ್ ಕಾರ್ಮಿಕರ ಕಾಯ್ದೆ ತಂದಿದೆ, ಅದರಲ್ಲಿ ಕಲ್ಯಾಣ ಶುಲ್ಕದ ವ್ಯವಸ್ಥೆಯಿದೆ. ಏಜೆನ್ಸಿ ಮೂಲಕ ಬರುವ ಹೊರಗುತ್ತಿಗೆಯವರನ್ನೂ ಇದರೊಳಗೆ ಸೇರಿಸಬೇಡಿ. ಅವರು ಏಜೆನ್ಸಿಯ ನೌಕರರು, ಪಿಎಫ್ ಮೊದಲಾದ ನಿಯಮಗಳು ಅವರಿಗೂ ಇವೆ.

ನೌಕರರೆಂದು ಸಾಬೀತಾದರೆ ನಿಮಗೆ ಸಿಗುವುದೇನು? ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ಸಂಬಳ ಸಹಿತ ರಜೆ. ಆರು ತಿಂಗಳು ಸೇವೆ ಮಾಡಿದವರನ್ನು ಸೂಕ್ತ ಕಾರಣ ಮತ್ತು ಒಂದು ತಿಂಗಳ ನೋಟಿಸ್ (ಅಥವಾ ಅದರ ಸಂಬಳ) ಇಲ್ಲದೆ ತೆಗೆಯುವಂತಿಲ್ಲ ಎಂಬ ರಕ್ಷಣೆಯೂ ಇದೆ. ಹೆಣ್ಣುಮಕ್ಕಳಿಗೆ 26 ವಾರಗಳ ಹೆರಿಗೆ ರಜೆ. ಕೆಲಸ ಬಿಡುವಾಗ ಸಿಗುವ ಇಡಿಗಂಟಾದ ಗ್ರಾಚ್ಯುಟಿಗೆ ಐದು ವರ್ಷ ಸೇವೆ ಬೇಕು. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಯಲ್ಲಿ ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷ ಸಾಕು. ಪಿಎಫ್ ವಿಷಯದಲ್ಲಿ ಮಾತ್ರ ಪೂರ್ತಿ ಆಸೆ ಇಟ್ಟುಕೊಳ್ಳಬೇಡಿ. 20 ಜನರಿರುವ ಸಂಸ್ಥೆಗೆ ಅದು ಕಡ್ಡಾಯವೇನೋ ಹೌದು, ಆದರೆ 15,000ಕ್ಕಿಂತ ಹೆಚ್ಚು ಸಂಬಳಕ್ಕೆ ಮೊದಲ ಸಲ ಸೇರುವವರನ್ನು ಹೊರಗಿಡಲು ಅವಕಾಶವಿದೆ. ಹಿಂದಿನ ಕೆಲಸದ ಪಿಎಫ್ ಖಾತೆ ಇನ್ನೂ ಇದ್ದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ.

‘ನೀವೇ ರಿಟರ್ನ್‌ನಲ್ಲಿ ವೃತ್ತಿ ಆದಾಯ ಎಂದು ಬರೆದಿದ್ದೀರಲ್ಲ’ ಎಂದು ಕಂಪನಿಯ ವಕೀಲರು ಕೇಳೇ ಕೇಳುತ್ತಾರೆ. ಅದು ನಿಮ್ಮ ವಿರುದ್ಧದ ಒಂದು ಅಂಶ ಹೌದು, ಆದರೆ ಅದೊಂದರಿಂದಲೇ ತೀರ್ಪು ಆಗುವುದಿಲ್ಲ. ಒಟ್ಟು ಸಂಬಂಧ ಹೇಗಿತ್ತು ಎಂಬುದನ್ನು ನೋಡುತ್ತಾರೆ. ಅದಕ್ಕೆ ಬೇಕಾದದ್ದು ಕಾಗದ: ರಜೆ ಕೇಳಿದ ಮೇಲ್, ಅದಕ್ಕೆ ಬಂದ ಉತ್ತರ, ಹಾಜರಾತಿಯ ಸ್ಕ್ರೀನ್‌ಶಾಟ್, ಐಡಿ ಕಾರ್ಡಿನ ಫೋಟೊ, ಬ್ಯಾಂಕ್ ಸ್ಟೇಟ್‌ಮೆಂಟ್. ಕಂಪನಿಯ ಗೋಪ್ಯ ಕಡತಗಳನ್ನು ಮುಟ್ಟಬೇಡಿ, ನಿಮಗೆ ಸಂಬಂಧಿಸಿದ್ದನ್ನಷ್ಟೇ ತೆಗೆದಿಡಿ. ಕೆಲಸ ಬಿಟ್ಟ ದಿನ ಕಂಪನಿಯ ಮೇಲ್ ಖಾತೆಯೂ ಮುಚ್ಚುತ್ತದೆ, ಆಮೇಲೆ ಹುಡುಕಿದರೆ ಏನೂ ಸಿಗದು.

ಜಗಳಕ್ಕೆ ಇಳಿಯುವ ಮನಸ್ಸಿಲ್ಲದಿದ್ದರೆ ಅಗ್ರಿಮೆಂಟ್ ನವೀಕರಣದ ಹೊತ್ತಿಗೆ ದರದ ಮಾತಾಡಿ. ಪಿಎಫ್ ಪಾಲು, ರಜೆಯ ಸಂಬಳ, ಗ್ರಾಚ್ಯುಟಿ, ಆರೋಗ್ಯ ವಿಮೆ ಇಷ್ಟನ್ನೂ ಕಂಪನಿ ನಿಮ್ಮ ತಲೆಗೆ ಉಳಿಸಿಕೊಳ್ಳುತ್ತಿದೆ. ಪಕ್ಕದ ಸೀಟಿನ ನೌಕರನಿಗೆ 60,000 ಆದರೆ ನಿಮಗೆ ಅದಕ್ಕಿಂತ ಸಾಕಷ್ಟು ಹೆಚ್ಚು ಬರಬೇಕು, ಒಂದು ತಿಂಗಳ ನೋಟಿಸಿನ ಷರತ್ತೂ ಲಿಖಿತವಾಗಿರಬೇಕು.