ದಡ ಮುಟ್ಟದೆ ಹೋದ ಸ್ಯಾಮ್

2021ರ ಸೆಪ್ಟೆಂಬರ್‌ನಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಎದ್ದ 'ಸ್ಯಾಮ್' ಚಂಡಮಾರುತ ಎರಡು ವಾರದ ತನ್ನ ಆಯುಷ್ಯದಲ್ಲಿ ಒಮ್ಮೆಯೂ ನೆಲ ಮುಟ್ಟಲಿಲ್ಲ. ಮನೆಗಳು ಬೀಳಲಿಲ್ಲ, ಊರುಗಳು ಮುಳುಗಲಿಲ್ಲ. ಆದ್ದರಿಂದಲೇ ಅದು ಬೇಗ ಮರೆತುಹೋಯಿತು. ಇಂಥ ಚಂಡಮಾರುತಗಳನ್ನು ಮರೆಯುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ಯಾಮ್‌ನ ಮೂಲ ಆಫ್ರಿಕಾದಲ್ಲಿದೆ. ಪಶ್ಚಿಮ ಆಫ್ರಿಕಾದ ಮೇಲೆ ಹುಟ್ಟುವ ಹವೆಯ ಅಲೆಗಳು ಬೇಸಿಗೆಯುದ್ದಕ್ಕೂ ಸಾಗರಕ್ಕೆ ಇಳಿಯುತ್ತವೆ. ಹೆಚ್ಚಿನವು ಅಲ್ಲಿಯೇ ಚದುರಿಹೋಗುತ್ತವೆ. ಕಡಲ ಮೇಲ್ಮೈ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದು, ಮೇಲಿನ ಗಾಳಿ ಮೋಡಗಳ ರಾಶಿಯನ್ನು ಓರೆಯಾಗಿ ತಳ್ಳದಿದ್ದರೆ ಮಾತ್ರ ಕೆಲವು ಬಲಿಯುತ್ತವೆ. ಸೆಪ್ಟೆಂಬರ್ 22ರಂದು ವಾಯುಭಾರ ಕುಸಿತವಾಗಿದ್ದ ಸ್ಯಾಮ್ ಎರಡೇ ದಿನಗಳಲ್ಲಿ ಹರಿಕೇನ್, ಅಂದರೆ ಪೂರ್ಣ ಬಲದ ಚಂಡಮಾರುತ, ಆಯಿತು. 26ರಂದು ಗಾಳಿಯ ವೇಗ ಗಂಟೆಗೆ ಸುಮಾರು 250 ಕಿ.ಮೀ. ತಲುಪಿತು, ಹರಿಕೇನ್‌ಗಳ ಐದು ದರ್ಜೆಗಳಲ್ಲಿ ಅತ್ಯುಗ್ರವಾದ ಐದನೆಯದಕ್ಕೆ ಕೂದಲೆಳೆಯಷ್ಟೇ ಬಾಕಿ. ಮರುದಿನ ಕುಗ್ಗಿದರೂ ಮತ್ತೆ ಚೇತರಿಸಿಕೊಂಡು, ಅಕ್ಟೋಬರ್ 1ರ ಹೊತ್ತಿಗೆ 240 ಕಿ.ಮೀ. ವೇಗದಲ್ಲಿ ಸುತ್ತುತ್ತಿತ್ತು. ಒಂದು ವಾರಕ್ಕೂ ಹೆಚ್ಚು ಕಾಲ ಅದು ಮೂರನೇ ದರ್ಜೆಗಿಂತ ಕೆಳಗಿಳಿಯಲೇ ಇಲ್ಲ.

ಹಾಗಾದರೆ ದಡವನ್ನು ಉಳಿಸಿದ್ದು ಯಾವುದು? ಅಟ್ಲಾಂಟಿಕ್‌ನ ನಡುವೆ ಬೀಡುಬಿಟ್ಟಿರುವ ಅಧಿಕ ಒತ್ತಡದ ಪ್ರದೇಶದ ಅಂಚನ್ನು ಹಿಡಿದು ಈ ಚಂಡಮಾರುತಗಳು ಸಾಗುತ್ತವೆ. 2017ರಲ್ಲಿ ಆ ಪ್ರದೇಶ ಪಶ್ಚಿಮಕ್ಕೆ ಚಾಚಿಕೊಂಡಿದ್ದರಿಂದ 'ಇರ್ಮಾ' ಕೆರಿಬಿಯನ್ ದ್ವೀಪಗಳನ್ನು ಹೊಡೆದುಹಾಕಿತು. ಸ್ಯಾಮ್‌ಗೆ ಉತ್ತರದ ದಾರಿ ತೆರೆದಿತ್ತು. ಕೆರಿಬಿಯನ್‌ನ ಪೂರ್ವದಂಚಿನ ಲೀವರ್ಡ್ ದ್ವೀಪಗಳ ಈಶಾನ್ಯಕ್ಕೆ ಸರಿದು, ಬರ್ಮುಡಾದ ಪೂರ್ವದಲ್ಲಿ ಹಾದು, ಅಕ್ಟೋಬರ್ 5ರಂದು ತಣ್ಣನೆಯ ನೀರಿನ ಮೇಲೆ ಉಷ್ಣವಲಯದ ಗುಣವನ್ನೇ ಕಳೆದುಕೊಂಡಿತು.

ಹಿಂದೆ ಇಂಥ ಚಂಡಮಾರುತ ಹಡಗಿಗೆ ಎದುರಾದರೆ ಮಾತ್ರ ದಾಖಲೆಗೆ ಸೇರುತ್ತಿತ್ತು. 1943ರಲ್ಲಿ ಅಮೆರಿಕ ಸೇನೆಯ ಪೈಲಟ್ ಜೋಸೆಫ್ ಡಕ್‌ವರ್ತ್ ಟೆಕ್ಸಾಸ್ ಬಳಿ ಬೇಕೆಂದೇ ವಿಮಾನವನ್ನು ಚಂಡಮಾರುತದೊಳಕ್ಕೆ ನುಗ್ಗಿಸಿದರು. 1960ರಲ್ಲಿ ಮೊದಲ ಹವಾಮಾನ ಉಪಗ್ರಹ 'ಟೈರೋಸ್-1' ಮೇಲೇರಿತು. ಅದಕ್ಕೂ ಮುಂಚೆ ನಡುಗಡಲಿನಲ್ಲಿ ಹುಟ್ಟಿ ಸತ್ತ ಎಷ್ಟೋ ಚಂಡಮಾರುತಗಳು ಲೆಕ್ಕಕ್ಕೇ ಸಿಕ್ಕಿಲ್ಲ. ಹಳೆಯ ಪಟ್ಟಿಯನ್ನು ಇಂದಿನದರೊಂದಿಗೆ ನೇರವಾಗಿ ಹೋಲಿಸುವವರು ಇದನ್ನು ಗಮನದಲ್ಲಿಡಬೇಕು.

ಸ್ಯಾಮ್ ಈ ಚರಿತ್ರೆಗೆ ಹೊಸ ಪುಟವೊಂದನ್ನು ಸೇರಿಸಿತು. ಸೆಪ್ಟೆಂಬರ್ 30ರಂದು, ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯ ಜೊತೆ ಕೆಲಸ ಮಾಡುತ್ತಿದ್ದ ಸೈಲ್‌ಡ್ರೋನ್ ಕಂಪನಿಯ ಮಾನವರಹಿತ ನೌಕೆಯೊಂದು ಚಂಡಮಾರುತದೊಳಕ್ಕೆ ಹೋಗಿ ವಿಡಿಯೊ ಕಳುಹಿಸಿತು. ಸುಮಾರು ಏಳು ಮೀಟರ್ ಉದ್ದದ ಪುಟ್ಟ ನೌಕೆ. ಸುತ್ತ 15 ಮೀಟರ್ ಎತ್ತರದ ಅಲೆಗಳು. ಗಂಟೆಗೆ 190 ಕಿ.ಮೀ. ಮೀರಿದ ಗಾಳಿ. ದೊಡ್ಡ ಹರಿಕೇನ್‌ನೊಳಗಿನ ಕಡಲ ಮೇಲ್ಮೈಯಿಂದ ಅಂಥ ದೃಶ್ಯ ಬಂದದ್ದು ಅದೇ ಮೊದಲು. ಕಡಲಿನ ಶಾಖ ಗಾಳಿಗೆ ದಾಟುವುದು ಆ ಮೇಲ್ಮೈಯಲ್ಲಿಯೇ. ವಿಮಾನಗಳು ಅಷ್ಟು ಕೆಳಗೆ ಹಾರಲಾರವು. ಚಂಡಮಾರುತ ಇದ್ದಕ್ಕಿದ್ದಂತೆ ಬಲಿಯುವುದನ್ನು ಮುಂಚಿತವಾಗಿ ತಿಳಿಯಲು ಬೇಕಾದದ್ದು ಅಲ್ಲಿನ ಅಳತೆಗಳೇ.

ನಡುಗಡಲು ನಿರ್ಜನವೂ ಅಲ್ಲ. 2019ರ ಸೆಪ್ಟೆಂಬರ್‌ನಲ್ಲಿ 'ಲೊರೆಂಜೊ' ಚಂಡಮಾರುತಕ್ಕೆ ಸಿಕ್ಕ 'ಬೂರ್ಬನ್ ರೋಡ್' ಎಂಬ ಟಗ್ (ಬೇರೆ ಹಡಗುಗಳನ್ನು ಎಳೆಯುವ) ನೌಕೆ ದಡದಿಂದ ಬಹುದೂರದಲ್ಲಿ ಮುಳುಗಿತು. ಅದರಲ್ಲಿದ್ದ 14 ಮಂದಿಯಲ್ಲಿ ಬದುಕಿ ಬಂದವರು ಮೂವರು. ಅಟ್ಲಾಂಟಿಕ್‌ನ ಚಂಡಮಾರುತಗಳಿಗೆ ಇಡುವ ಹೆಸರುಗಳ ಪಟ್ಟಿ ಆರು ವರ್ಷಕ್ಕೊಮ್ಮೆ ಮರಳುತ್ತದೆ. ಭಾರೀ ಸಾವುನೋವು, ಹಾನಿ ತಂದ ಹೆಸರುಗಳನ್ನು ಮಾತ್ರ ಕೈಬಿಡುತ್ತಾರೆ. ಲೊರೆಂಜೊ ಹೆಸರನ್ನು ಕೈಬಿಡಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಅದನ್ನೇ ಮತ್ತೊಂದು ಬಿರುಗಾಳಿಗೆ ಇಟ್ಟರು. ಸ್ಯಾಮ್ ಹೆಸರು 2027ರ ಪಟ್ಟಿಯಲ್ಲಿದೆ.